ರೊಟ್ಟಿ ಹಿಟ್ಟಿನ್ಯಾಗಿನ ಅಕ್ಷರ

ಸಣ್ಣ ಹುಡುಗರಿಗೆ ಅಕ್ಷರ ಕಲಿಸೋ ಕೆಲಸ ಹಿಡದವರು ನಗಾಕ ಬ್ಯಾರೆ ಹೊತ್ತು ಹುಡುಕಬೇಕಾಗಿಲ್ಲ. ಮುಂಜಾನೆ ಗಂಟಿ ಹೊಡದ ಕೂಡಲೆ ನಗಿ ತಾನಾಗೇ ಸಾಲಿಗೆ ಬಂದು ಕೂಡತೈತಿ.

ಎಪ್ಪತ್ತರ ದಶಕದಾಗ ನವಲಗುಂದ ಕಡೆ ಒಂದು ಹಳ್ಳಿ ಸಾಲಿಗೆ ನಾ ಹೊಸಾ ಅಕ್ಕಾರಾಗಿ ಹೋದೆ. ಒಂದನೇ ಇಯತ್ತೆ ನನ್ನ ಕೊರಳಿಗೆ ಬಿತ್ತು. ಅಕ್ಷರ ಬರೇ ಬಾಯಿಪಾಠ ಮಾಡಸಬಾರದು, ಕೈಯಾಗ ಆಡಿಸಿ ಕಲಿಸಬೇಕು ಅಂತ ಟ್ರೇನಿಂಗಿನ್ಯಾಗ ಕಲಿತು ಬಂದಿದ್ದೆ. ಹೆಡ್ ಮಾಸ್ತರಿಗೆ ಇದು ಅಗದಿ ಸೇರಲಿಲ್ಲ. “ಇನ್ಸ್‌ಪೆಕ್ಟರ್ ಸಾಹೇಬ್ರು ಬರೂತನಕ ಆಡಸ್ರಿ. ಅವರ ಮುಂದ ಒಂದು ಹುಡುಗ ತಪ್ಪಿದ್ರೂ ನಿಮ್ಮ ಆಟ ಬಂದ್, ಬೆತ್ತ ಚಾಲೂ,” ಅಂದ್ರು. ಆ ಬೆತ್ತ ಕಂಡ್ರ ನನಗ ಮೈಯೆಲ್ಲಾ ಉರೀತಿತ್ತು. ಆಗಲಿ ಅಂದೆ.

೧. ಜೋಡೆತ್ತು

ನಮ್ಮ ಕಡೆ ಎರಿ ಮಣ್ಣಿಗೇನು ಬರ? ಒಂದು ಬುಟ್ಟಿ ತರಿಸಿ, ನಾದಿ, ‘ಅ’ ಮಾಡಿ ತೋರಿಸಿದೆ. ಹಿಂಗ ಮಾಡ್ರಿ, ಮಾಡಿಕೋತ ಬಾಯಿಲೆ ಅನ್ರಿ ಅಂತ ಹೇಳಿ ಹಾಜರಿ ಬರಿಯಾಕ ಕುಂತೆ. ಮರುದಿನ ಮಣ್ಣೆತ್ತಿನ ಅಮಾಸಿ ಅನ್ನೂದು ನನಗ ನೆನಪೇ ಇರಲಿಲ್ಲ. ತಿರುಗಿ ನೋಡಿದ್ರ ಒಂದೊಂದು ಅಕ್ಷರಕ್ಕೂ ಎರಡೆರಡು ಕೋಡು, ಬೆನ್ನ ಮ್ಯಾಲೊಂದು ಡುಬ್ಬ, ಹಿಂದ ಬಾಲ.

ನಾ ಹೇಳಿದ್ದು ‘ಅ’ ಒಂದ, ಇಲ್ಲಿ ‘ಆ’ನೂ ಐತೆಲ್ಲ ಅಂತ ಕೇಳಿದೆ. ಒಬ್ಬಾಕಿ ನನಗ ತಿಳಿಸಿ ಹೇಳಿದ್ಲು: “ಒಂಟೆತ್ತು ಪೂಜಿಗೆ ನಡಿಯೂದಿಲ್ರಿ ಅಕ್ಕಾರ. ಅದಕ್ಕ ಜೋಡಿ ಮಾಡೀವಿ.”

ಮರುದಿನ ಸಾಲಿ ಕಟ್ಟಿ ಮ್ಯಾಲೆ ‘ಅ’ ‘ಆ’ ಎರಡಕ್ಕೂ ಪೂಜಿ ಆತು. ಕಾಯಿ ಒಡದವರು ಹೆಡ್ ಮಾಸ್ತರ.

೨. ಕ ಅಂದ್ರ

ಪುಸ್ತಕದಾಗ ‘ಕ’ ಅಕ್ಷರದ ಬಾಜು ಹೊಳಿಯೋ ಕತ್ತಿ ಚಿತ್ರ ಇತ್ತು. ಚಿತ್ರ ನೋಡಿದ್ರ ಸಾಲೂದಿಲ್ಲ, ನಾಳಿ ಎಲ್ಲಾರೂ ಮನಿಯಿಂದ ‘ಕ’ ಅಕ್ಷರದ್ದು ಒಂದೊಂದು ತರ್ರಿ ಅಂದೆ. ಕಡ್ಲಿ ಬಂತು, ಕವದಿ ಬಂತು, ಒಬ್ಬಾವ ಕಸಬರಿಗಿ ತಂದು ನನ್ನ ಕೈಯಾಗ ಕೊಟ್ಟ. ಮುಂದಿನ ಹುಡುಗಿ ಬರಿಗೈಲೆ ನಿಂತಿದ್ಲು. ನೀ ಏನು ತಂದಿ ಅಂದ್ರ, ಕತ್ತಿ ತಂದೀನ್ರಿ, ಹೊರಗ ಇಟ್ಟೀನಿ ಅಂದ್ಲು.

ನನ್ನ ಜೀವ ಹಾರಿತು. ಯಾರರ ಕೈ ಕೊಯ್ಕೊಂಡ್ರ ಏನು ಗತಿ? “ಭಾಳ ಹರಿತ ಐತೇನವ್ವಾ?” ಅಂದೆ.

“ಇಲ್ರಿ. ಒದೀತೈತಿ.”

ಕತ್ತೆಗೆ ನಮ್ಮ ಮಂದಿ ಕತ್ತಿ ಅಂತಾರ ಅನ್ನೂದು ಪುಸ್ತಕ ಬರದವರಿಗೆ ಯಾರು ಹೇಳಬೇಕು? ಬೇವಿನ ಗಿಡಕ್ಕ ಕಟ್ಟಿದ್ದ ಅದು ಅಷ್ಟೊತ್ತಿಗೆ ಒದರಾಕ ಸುರು ಮಾಡಿತು. ಹೆಡ್ ಮಾಸ್ತರ ಹೊರಗ ಬಂದು ನೋಡಿ, ಒಳಗ ಹೋಗಿ ಬೆತ್ತಕ್ಕ ಎಣ್ಣಿ ಹಚ್ಚಿದ್ರು.

೩. ಬಾಯಾಗ ಅನ್ನಬಾರದ್ದು

ಅವ್ವ ರೊಟ್ಟಿ ಬಡಿಯೂವಾಗ ಬಾಜು ಕುಂತು, ಹಿಟ್ಟಿನ್ಯಾಗ ಬೆರಳಿಲೆ ಅಕ್ಷರ ತೀಡ್ರಿ, ತೀಡಿಕೋತ ಜೋರಾಗಿ ಅನ್ರಿ ಅಂತ ಮನಿಕೆಲಸ ಕೊಟ್ಟಿದ್ದೆ. ಎಲ್ಲಾರ ಹಿಂದ ಕೂಡೂ ಒಂದು ಹುಡುಗಿ ಇತ್ತು. ಅಕ್ಷರ ಮುತ್ತಿನಂಗ ಬರೀತಿತ್ತು, ಬಾಯಿ ಮಾತ್ರ ಬಿಡ್ತಿರಲಿಲ್ಲ. ಎಲ್ಲಾರೂ ಕೂಡಿ ಅನ್ನೂವಾಗ ತುಟಿ ಅಲ್ಲಾಡತಿದ್ದುವು, ನನಗ ಅಷ್ಟ ಸಾಕಾಗಿತ್ತು.

ಸಾಹೇಬ್ರು ಬಂದ್ರು. ನಲವತ್ತು ಹುಡುಗರೊಳಗ ಅವರ ಕಣ್ಣು ಆಕಿ ಮ್ಯಾಲೇ ಬೀಳಬೇಕ? ಹಲಗಿ ಮ್ಯಾಲೆ ‘ಬಳಪ’ ಅಂತ ಬರದು ಓದು ಅಂದ್ರು. ಹುಡುಗಿ ಎದ್ದು ನಿಂತು, ನಾ ಎಂದೂ ಕೇಳಿರದಷ್ಟು ದೊಡ್ಡ ದನಿಲೆ ಓದಿತು:

“ನಮ್ಮಪ್ಪ... ಳ... ಪ.”

ಸಾಹೇಬ್ರು ಅದನ್ನ ಅಳಿಸಿ ‘ಬರಹ’ ಅಂತ ಬರದ್ರು. ಹುಡುಗಿ ಹೆದರಲಿಲ್ಲ. “ನಮ್ಮಪ್ಪ... ರ... ಹ.”

ಹೆಡ್ ಮಾಸ್ತರ ಮೆಲ್ಲಕ ಬೆತ್ತದ ಕಡೆ ನೋಡಿದ್ರು. ಇದಕ್ಕ ‘ನಮ್ಮಪ್ಪ’ ಅಂತ ಯಾರು ಕಲಿಸಿದ್ರವ್ವಾ ಅಂತ ಸಾಹೇಬ್ರು ಕೇಳಿದ್ರು.

“ನಮ್ಮವ್ವ ರೀ. ಇದು ನಿಮ್ಮಪ್ಪನ ಹೆಸರಿನ ಅಕ್ಷರ, ಬಾಯಾಗ ಅನ್ನಬಾರದು ಅಂತಾಳ್ರಿ.”

ಹಾಜರಿ ಪುಸ್ತಕ ತಗದು ನೋಡಿದೆ. ತಂದಿ ಹೆಸರು ಬಸಪ್ಪ. ಗಂಡನ ಹೆಸರು ಹೇಳದ ಹೆಣ್ಣಮಗಳು ಅವನ ಹೆಸರಿನ ಮೊದಲಿನ ಅಕ್ಷರಾನೂ ಬಿಟ್ಟಿದ್ಲು!

ಸಾಹೇಬ್ರು ಬಗ್ಗಿ, ನಿಮ್ಮವ್ವ ಸಾಲಿ ಕಲಿತಾಳೇನು ಅಂದ್ರು. ಇಲ್ರಿ, ನಾ ಹಿಟ್ಟಿನ್ಯಾಗ ತೀಡತೀನಿ, ನನ್ನ ನೋಡಿ ಆಕಿನೂ ತೀಡತಾಳ, ಈಗ ಇಬ್ಬರಿಗೂ ಎಲ್ಲಾ ಬರ್ತಾವು ಅಂತು ಹುಡುಗಿ. ನನಗ ಕಣ್ಣಾಗ ನೀರು ಬಂತು. ಸಾಹೇಬ್ರು ಹೊಟ್ಟಿ ಹಿಡಕೊಂಡು ನಕ್ಕು, ಅಭಿಪ್ರಾಯ ಬರಿಯೋ ಶೇರಾ ಪುಸ್ತಕ ತರಿಸಿ ಬರದು, ಹೆಡ್ ಮಾಸ್ತರ ಕಡೆಯಿಂದ್ಲೇ ಓದಿಸಿದ್ರು:

“ಒಂದನೇ ಇಯತ್ತೆಯ ಮಕ್ಕಳಿಗೂ ಅವರ ತಾಯಂದಿರಿಗೂ ಅಕ್ಷರಜ್ಞಾನವಾಗುತ್ತಿದೆ. ಆಟವನ್ನು ಮುಂದುವರಿಸತಕ್ಕದ್ದು. ಗಂಡನ ಅಕ್ಷರವನ್ನು ಮಾತ್ರ ಗಂಡನೇ ಬಂದು ಕಲಿಸತಕ್ಕದ್ದು.”