ಸ್ನೇಹಿತನ ತೊಂದರೆ

ಕೂದಲು ಉದುರದಿರಲೆಂದು ಎರಡು ವರ್ಷ ನುಂಗಿದ ಮಾತ್ರೆಯನ್ನು, ಮದುವೆಯಾಯಿತಲ್ಲ, ಇನ್ನೇಕೆ ಎಂದು ಅವನು ಬಿಟ್ಟುಬಿಟ್ಟಿದ್ದ. ಮೂರು ತಿಂಗಳಾಯಿತು. ಕೂದಲು ಇನ್ನೂ ನೆಟ್ಟಗೆ ನಿಂತಿತ್ತು, ನಿಲ್ಲಬೇಕಾದದ್ದು ನಿಲ್ಲುತ್ತಿರಲಿಲ್ಲ. ಮಾತ್ರೆ ಬಿಟ್ಟದ್ದಕ್ಕೆ ಹೀಗಾಯಿತೋ, ಬೇರೆ ಏನಾದರೂ ಇದೆಯೋ ಎಂಬ ಪ್ರಶ್ನೆ ಅವನನ್ನು ಕೊರೆಯುತ್ತಿತ್ತು. ಹೆಂಡತಿ ಏನೂ ಕೇಳುತ್ತಿರಲಿಲ್ಲ. ಅವಳು ಕೇಳದಿರುವುದೇ ಅವನಿಗೆ ಹೆಚ್ಚು ಕಷ್ಟವಾಗಿತ್ತು.

ಅವನದು ಪ್ರೆಸ್ಸಿನಲ್ಲಿ ಕರಡು ತಿದ್ದುವ ಕೆಲಸ. ಒಂದು ಚಿಹ್ನೆ ತಪ್ಪಿದರೂ ಊಟ ಬಿಡುವವನಾದ್ದರಿಂದ ಎಲ್ಲರ ಬಾಯಲ್ಲೂ ಅವನು ಅಲ್ಪವಿರಾಮ. ಒಂದು ದಿನ ಬೆಳಿಗ್ಗೆ ಎರಡು ಗಂಟೆಯ ರಜೆ ಕೇಳಿದ. ಯಾಕೆ ಎಂದರು ಮ್ಯಾನೇಜರು. ಮಂಡಿನೋವು ಎಂದದ್ದೇ ತಡ, ಮೆಷಿನ್ನಿನವರು ಎಣ್ಣೆ ಹಿಡಿದು ಬಂದರು, ಟೈಪಿಸ್ಟ್ ಅಕ್ಕ ಕುರ್ಚಿ ಎಳೆದು ಅವನ ಕಾಲನ್ನು ಹತ್ತು ಸಲ ಮಡಿಸಿ ಬಿಡಿಸಿದರು. ಇಡೀ ಪ್ರೆಸ್ಸು ಕಿಟಕಿಯಲ್ಲಿ ಇಣುಕುತ್ತಿದ್ದರಿಂದ ಬೀದಿಯ ತಿರುವಿನವರೆಗೂ ಕುಂಟಬೇಕಾಯಿತು.

ಡಾಕ್ಟರ ಎದುರು ನಾಲಿಗೆ ಕೈಕೊಟ್ಟಿತು.

"ನನಗಲ್ಲ ಸಾರ್, ನನ್ನ ಸ್ನೇಹಿತನಿಗೆ," ಎಂದುಬಿಟ್ಟ.

ಎಲ್ಲವನ್ನೂ ಆ ಸ್ನೇಹಿತನ ತಲೆಗೆ ಕಟ್ಟಿ ಹೇಳಿದ. ಡಾಕ್ಟರು ಗಮನವಿಟ್ಟು ಕೇಳಿ, ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ, ಆದರೆ ನೋಡದೆ ಕಾರಣ ಹೇಳಲಾಗದು, ಸಂಜೆ ಅವರನ್ನೇ ಕರೆದುಕೊಂಡು ಬನ್ನಿ ಎಂದರು.

ಈಗ ಸ್ನೇಹಿತನನ್ನು ಹುಡುಕಬೇಕಾಯಿತು. ಪ್ರೆಸ್ಸಿನಲ್ಲಿ ಗುಟ್ಟು ಬಿಟ್ಟುಕೊಡದವನೆಂದರೆ ಬೈಂಡಿಂಗ್ ಕೆಲಸದ ಪೈಲ್ವಾನ ಒಬ್ಬನೇ. ಎಂಟು ರೀಮು ಕಾಗದವನ್ನು ದಿಂಬಿನಂತೆ ಎತ್ತುವ ಆಳು. ಅವನನ್ನು ಮೂಲೆಗೆ ಕರೆದು, ಪರಿಚಯದವನೊಬ್ಬನಿಗೆ ಇಂಥ ತೊಂದರೆ, ಅವನ ಬದಲಿಗೆ ನೀನು ಡಾಕ್ಟರ ಮುಂದೆ ಸುಮ್ಮನೆ ಕೂತಿರು, ಮಾತೆಲ್ಲ ನನ್ನದು ಎಂದು ಅಲ್ಪವಿರಾಮ ಬೇಡಿಕೊಂಡ. ಪೈಲ್ವಾನ ಅವನನ್ನೇ ಬಹಳ ಹೊತ್ತು ನೋಡಿ ತಲೆಯಾಡಿಸಿದ.

ಸಂಜೆ ಡಾಕ್ಟರು, ಮಾತ್ರೆ ಬಿಟ್ಟು ಎಷ್ಟು ದಿನವಾಯಿತು ಎಂದು ಕೇಳಿದರು. ಅಲ್ಪವಿರಾಮ ಬಾಯಿ ತೆರೆಯುವಷ್ಟರಲ್ಲಿ ಪೈಲ್ವಾನನೇ ಶುರುಮಾಡಿದ.

"ಆರು ತಿಂಗಳಾಯ್ತು ಸಾರ್. ಮನಸ್ಸಿಗೆ ಅಂತ ಕೊಟ್ಟಿದ್ರು. ಯಾರನ್ನೂ ಕೇಳದೆ ಬಿಟ್ಟೆ. ಆಗಿನಿಂದ ಹಿಂಗೇ. ಮನೇಲಿ ಮುಖ ಎತ್ತಕ್ಕಾಗ್ತಿಲ್ಲ."

ಅಲ್ಪವಿರಾಮ ತಿರುಗಿ ನೋಡಿದ. ಅಷ್ಟು ದೊಡ್ಡ ದೇಹ ಬಿಕ್ಕುತ್ತಿತ್ತು. ಡಾಕ್ಟರು ಅಲ್ಪವಿರಾಮನನ್ನು ಹೊರಗೆ ಕೂರಿಸಿ ಬಾಗಿಲು ಹಾಕಿಕೊಂಡರು.

ಮುಕ್ಕಾಲು ಗಂಟೆಯ ನಂತರ ಪೈಲ್ವಾನ ಚೀಟಿ ಹಿಡಿದು ಹಗುರಾಗಿ ಬಂದ. "ನನ್ನ ಕಷ್ಟ ನಿನಗೆ ಹೇಗೆ ಗೊತ್ತಾಯ್ತೋ, ಕೇಳಲ್ಲ," ಎಂದು ಅಪ್ಪಿಕೊಂಡ.

ಹಿಂದೆಯೇ ಬಂದ ಡಾಕ್ಟರು ಇಂಥ ಸ್ನೇಹಿತರು ಅಪರೂಪ ಎಂದು ಹೊಗಳಿ, ಕಾಯುತ್ತಿದ್ದ ಹತ್ತು ಜನರ ಎದುರಿಗೇ, "ನಿಮಗೇನೂ ತೊಂದರೆ ಇಲ್ಲ ತಾನೆ?" ಎಂದರು.

ಹತ್ತೂ ತಲೆಗಳು ಮೇಲೆದ್ದವು.

"ಏನೂ ಇಲ್ಲ ಸಾರ್," ಎಂದ ಅಲ್ಪವಿರಾಮ.