ಮೇಸ್ತ್ರಿಯೂ ಲೇಸರ್ ಮಶೀನೂ

ಕಬ್ಬಿಣದ ಕೆಲಸದವರ ಹತ್ತಿರ ನಗುವ ಮಾತು ಏನಿರುತ್ತದೆ ಅಂತ ಕೇಳಬೇಡಿ. ನಮ್ಮ ವರ್ಕ್‌ಶಾಪಿನಲ್ಲಿ ವಾರಕ್ಕೊಂದಾದರೂ ನಡೆಯುತ್ತಲೇ ಇರುತ್ತದೆ. ಬೆಳಕಿನಿಂದ ತಗಡು ಕತ್ತರಿಸುವ ಲೇಸರ್ ಮಶೀನು ತಂದ ಮೇಲಂತೂ ದಿನಕ್ಕೊಂದು ನಡೆಯಿತು. ನಡೆಯುವಾಗ ನಗು ಬರಲಿಲ್ಲ, ಅಷ್ಟೇ. ಈಗ ಹೇಳಲು ಕೂತರೆ ಕೇಳುವವರು ನಗುತ್ತಾರೆ, ನಾನೂ ನಗುತ್ತೇನೆ, ಮುಗಿಸುವ ಹೊತ್ತಿಗೆ ನನ್ನ ಹೆಂಡತಿ ಮಾತ್ರ ಎದ್ದು ಒಳಗೆ ಹೋಗಿರುತ್ತಾಳೆ.

ಶಿಕಾರಿಪುರದಲ್ಲಿ ಶಿರಾಳಕೊಪ್ಪದ ರಸ್ತೆಗೆ ನಮ್ಮ ವರ್ಕ್‌ಶಾಪು. ಗೇಟು, ಕಿಟಕಿ ಗ್ರಿಲ್ಲು, ಕುರಿದೊಡ್ಡಿಗೆ ಬೇಲಿ, ಟ್ರೈಲರ್ ರಿಪೇರಿ. ಅಪ್ಪ ಶುರು ಮಾಡಿದ್ದು. ಅಪ್ಪನ ಕಾಲದಿಂದಲೂ ಇದ್ದವರು ನಮ್ಮ ಮೇಸ್ತ್ರಿ. ಆನವಟ್ಟಿಯವರು, ದಿನಾ ಬಸ್ಸಿಗೆ ಬಂದು ಹೋಗುವವರು. ತಗಡಿನ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದು, ಗ್ಯಾಸ್ ಕಟರ್ ಹಚ್ಚಿ, ಉಸಿರು ಹಿಡಿದು ಆ ಗೆರೆಯ ಮೇಲೇ ಹೋಗುತ್ತಿದ್ದರು. ನನಗೆ ಕೆಲಸ ಕಲಿಸಿದವರೂ ಅವರೇ. ಅಪ್ಪ ತೀರಿಕೊಂಡ ಮೇಲೆ ನಾನು ಮಾಲೀಕನಾದೆ. ಅವರು ನನ್ನನ್ನು ‘ತಮ್ಮಾ’ ಅನ್ನುವುದು ಬಿಡಲಿಲ್ಲ, ನಾನು ಅವರ ಮುಂದೆ ಕುರ್ಚಿಯಲ್ಲಿ ಕೂರುವುದು ಕಲಿಯಲಿಲ್ಲ.

ಎಲ್ಲಾ ಬೇರೆ

ಮಶೀನು ನೋಡಲು ಹೋಗುವಾಗ ಮೇಸ್ತ್ರಿಯನ್ನೂ ಕರೆದುಕೊಂಡು ಹೋದೆ. ಶೋರೂಮಿನಲ್ಲಿ ನಮ್ಮ ಕಣ್ಣೆದುರೇ ಒಂದು ನವಿಲು ಕತ್ತರಿಸಿ ತೋರಿಸಿದರು. ಮೇಸ್ತ್ರಿಗೆ ಅಂಥ ನವಿಲು ಮಾಡಲು ಎರಡು ದಿನ ಬೇಕು. ಇದು ಎರಡು ನಿಮಿಷದಲ್ಲಿ ಮುಗಿಸಿ, ಮುಂದಿನದು ಕೊಡಿ ಅನ್ನುವ ಹಾಗೆ ನಿಂತಿತು. ಮೇಸ್ತ್ರಿ ನವಿಲನ್ನು ಕೈಗೆತ್ತಿಕೊಂಡು ಅಂಚಿನ ಮೇಲೆಲ್ಲ ಹೆಬ್ಬೆರಳು ಆಡಿಸಿದರು.

ಸೇಲ್ಸ್‌ನವರು ರೇಟು ಹೇಳಿದರು. ನಾನು ನೀರು ಕೇಳಿದೆ. ಕುಡಿದು ಮುಗಿಸುವುದರೊಳಗೆ ಅವರು ಮುಂದುವರಿಸಿದರು. “ಸ್ಟೆಬಿಲೈಸರ್ ಬೇರೆ ಸಾರ್. ಕಂಪ್ರೆಸರ್ ಬೇರೆ. ಲಾರಿ ಬಾಡಿಗೆ, ಇಳಿಸೋ ಕ್ರೇನು, ಕೆಳಗಿನ ಕಾಂಕ್ರೀಟು ನಿಮ್ದು. ಗ್ಯಾಸು ನಿಮ್ದು. ನಾಝಲ್ಲು, ಗಾಜು ಸವೆದಂಗೆ ತಗೋಬೇಕು, ಅದೂ ಬೇರೆ.”

ಮೇಸ್ತ್ರಿ ನವಿಲನ್ನು ಕೆಳಗಿಟ್ಟು ಕೇಳಿದರು. “ಅಲ್ರೀ, ಅದರೊಳಗಿನ ಬೆಳಕಾದ್ರೂ ಮಶೀನಿನ ಜೊತೀಗೆ ಬರ್ತೈತಾ, ಅದೂ ಬೇರೇನಾ?”

ತಮಾಷೆಗೆ ಕೇಳಿದ್ದು. ಸೇಲ್ಸ್‌ನವರು ಪೇಪರ್ ತಿರುವಿ ನೋಡಿ ಗಂಭೀರವಾಗಿ ಹೇಳಿದರು: “ಬೆಳಕಿಗೆ ಎರಡು ವರ್ಷ ವಾರಂಟಿ ಇದೆ ಯಜಮಾನ್ರೇ. ಆಮೇಲೆ ಅದೂ ಬೇರೆ.”

ವಿಭೂತಿ

ಅಪ್ಪ ಬಿಟ್ಟುಹೋದ ಸೈಟು ಮಾರಿದೆ, ಉಳಿದದ್ದಕ್ಕೆ ಬ್ಯಾಂಕಿನ ಸಾಲ. ಮಶೀನು ಬಂತು. ಶುರು ಮಾಡುವ ದಿನ ಅವ್ವ ಪೂಜೆ ಇಟ್ಟಳು. ಕಂಪನಿಯಿಂದ ಬಂದ ಇಂಜಿನಿಯರು ಮಶೀನಿನ ತಲೆಯೊಳಗಿಂದ ಒಂದು ಸಣ್ಣ ಗಾಜನ್ನು ತೆಗೆದು ಬಿಳಿ ಬಟ್ಟೆಯ ಮೇಲಿಟ್ಟು, “ಇದರ ಮೇಲೆ ಧೂಳಿನ ಒಂದು ಕಣವೂ ಬೀಳಬಾರದು” ಅಂತ ನನಗೂ ನನ್ನ ಹೆಂಡತಿಗೂ ಪಾಠ ಮಾಡುತ್ತಿದ್ದರು. ಮಶೀನು ನಡೆಸಬೇಕಾದವಳು ಅವಳೇ. ಮದುವೆಗೆ ಮುಂಚೆ ಡಿಟಿಪಿ ಅಂಗಡಿಯಲ್ಲಿದ್ದವಳು, ಕಂಪ್ಯೂಟರ್ ಬಲ್ಲವಳು. ನಾವಿಬ್ಬರೂ ತಲೆಯಾಡಿಸುತ್ತಿರುವಾಗ ಅವ್ವ ಹಿಂದಿನಿಂದ ಬಂದಳು. ಬಿಳಿ ಬಟ್ಟೆಯ ಮೇಲೆ ಇಟ್ಟಿದ್ದಾರೆ ಅಂದರೆ ಇದೇ ಮುಖ್ಯ ಅಂತ ತಿಳಿದಳು. ಮೂರು ಬೆರಳಲ್ಲಿ ವಿಭೂತಿ ಎಳೆದು, ನಡುವೆ ಕುಂಕುಮ ಇಟ್ಟು, ಕೈಮುಗಿದಳು.

ಇಂಜಿನಿಯರು ತಲೆಯ ಮೇಲೆ ಕೈ ಹೊತ್ತು ಕೂತರು. ಆ ಗಾಜಿನ ಬೆಲೆ ಕೇಳಿದಾಗ ನಾನೂ ಅವರ ಪಕ್ಕ ಕೂತೆ. ಪೆಟ್ಟಿಗೆಯಲ್ಲಿದ್ದ ಇನ್ನೊಂದನ್ನು ಹಾಕಿ ಶುರು ಮಾಡಬೇಕಾಯಿತು.

ಅವ್ವನಿಗೆ ನಾವು ಏನೂ ಅನ್ನಲಿಲ್ಲ. ಅವಳೇ ಅಂದಳು: “ವಿಭೂತಿ ತಡಕೊಳ್ಳದಂಥಾದ್ದನ್ನ ಮನೀಗೆ ಯಾಕೆ ತಂದ್ಯೋ?”



ಉದುರಿದ ಸೊನ್ನೆಗಳು

ಮೊದಲ ದೊಡ್ಡ ಆರ್ಡರು ಉಳವಿ ಕಡೆಯ ಒಬ್ಬ ಅಡಿಕೆ ವ್ಯಾಪಾರಿಯದು. ಹೊಸ ಮನೆಯ ಗೇಟಿಗೆ ಮನೆಯ ಹೆಸರು, ತೀರಿಕೊಂಡ ತಂದೆಯ ಹೆಸರು, ಎಲ್ಲಾ ಕನ್ನಡದಲ್ಲಿ, ತಗಡು ಕೊರೆದು ಮಾಡಬೇಕು. ನನ್ನ ಹೆಂಡತಿ ಟೈಪು ಮಾಡಿದಳು, ಮಶೀನು ಕೊರೆಯಿತು, ತಗಡು ಎತ್ತಿದೆವು. ಅಕ್ಷರಗಳ ಒಳಗಿನ ಸೊನ್ನೆಗಳೆಲ್ಲ ಟಣಟಣ ಅಂತ ಕೆಳಗೆ ಉದುರಿದವು.

ಆಗ ತಲೆಗೆ ಹೊಳೆಯಿತು. ಅಕ್ಷರ ಕೊರೆದಾಗ ಸುತ್ತಿನೊಳಗಿನ ತುಂಡಿಗೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ, ಅದು ಬಿದ್ದೇ ಹೋಗುತ್ತದೆ. ಕನ್ನಡದಲ್ಲಿ ಸುತ್ತಿಲ್ಲದ ಅಕ್ಷರ ಎಲ್ಲಿ ಹುಡುಕುವುದು? ಗೇಟಿನ ಮೇಲೆ ಹೆಸರಿನ ಬದಲು ಬರೀ ತೂತುಗಳು. ವ್ಯಾಪಾರಿ ಬಂದು ನೋಡಿ, “ನಮ್ಮಪ್ಪಾರ ಹೆಸರು ಇಲಿ ತಿಂದಂಗೆ ಆಗೇತಲ್ರೀ” ಅಂದರು.

ಮೇಸ್ತ್ರಿ ಮೊಣಕಾಲೂರಿ, ಮಶೀನಿನ ಅಡಿಯಿಂದ ಒಂದೊಂದೇ ಸೊನ್ನೆ ಹೆಕ್ಕಿದರು. ಒಂದೊಂದಕ್ಕೂ ಕಡ್ಡಿಯಷ್ಟು ಸಣ್ಣ ಸೇತುವೆ ಇಟ್ಟು, ವೆಲ್ಡಿಂಗ್ ಹಚ್ಚಿ, ಅಳಿಸಿಹೋದ ಹೆಸರನ್ನು ಸಂಜೆಯೊಳಗೆ ತಿರುಗಿ ಓದುವ ಹಾಗೆ ಮಾಡಿದರು. ವ್ಯಾಪಾರಿ ತಂದೆಯ ಹೆಸರಿನ ಮೇಲೆ ಒಂದು ಸಲ ಕೈಯಾಡಿಸಿ, ದುಡ್ಡು ಕೊಟ್ಟು ಹೋದರು.

ಅವಿಲ್ಲದೆಯೂ ಹೆಸರು ಓದಬಹುದಾಗಿದ್ದ ಸಣ್ಣ ಸೊನ್ನೆಗಳು ಒಂದು ಹಿಡಿ ಇನ್ನೂ ಉಳಿದಿದ್ದವು. ಮೇಸ್ತ್ರಿ ಅವನ್ನು ನನ್ನ ಟೇಬಲ್ಲಿನ ಮೇಲೆ ಸುರಿದರು. “ತಮ್ಮಾ, ಸೊನ್ನೆ ಬೇಕಾದಷ್ಟು ಮಾಡ್ತೈತಿ ನಿನ್ನ ಮಶೀನು. ಅದರ ಮುಂದೆ ಒಂದು ಅಂಕಿ ಯಾರಾದ್ರೂ ಹಾಕಿದ್ರೆ ಬದುಕ್ತೀವಿ.”

ನೈಟ್ರೋಜನ್

ಸ್ಟೀಲು ಕತ್ತರಿಸಲು ನೈಟ್ರೋಜನ್ ಬೇಕು. ಸಿಲಿಂಡರು ಶಿವಮೊಗ್ಗದಿಂದ ಬರಬೇಕು. ಬಳಸಿದರೆ ಗ್ಯಾಸಿನ ದುಡ್ಡು, ಬಳಸದಿದ್ದರೆ ಸಿಲಿಂಡರಿನ ಬಾಡಿಗೆ.

ಗುಡವಿ ಕಡೆಯ ರೈತರೊಬ್ಬರು ನೇಗಿಲು ರಿಪೇರಿಗೆ ಬಂದವರು ಸಿಲಿಂಡರಿನ ಸಾಲು ನೋಡಿ, ಇದೇನು ಅಂದರು. ನೈಟ್ರೋಜನ್ ಅಂದೆ. “ಯೂರಿಯಾದಾಗ ಇರ್ತೈತಲ್ಲ, ಅದಾ?” ಹೌದು ಅಂದೆ. ಅವರು ಮಶೀನಿನ ಸುತ್ತ ಒಂದು ಸುತ್ತು ಬಂದರು. “ನಾನೂ ವರ್ಷಾ ಹಾಕ್ತೀನ್ರೀ. ಹೊಲಕ್ಕೆ ಹಾಕಿದ್ರೆ ಹಸಿರಾದ್ರೂ ಕಾಣ್ತತಿ. ಇಲ್ಲಿ ಏನು ಬೆಳೀತು?”

ಬೆಳೆದದ್ದು ಕರೆಂಟು ಬಿಲ್ಲು. ಅದೂ ಸರಿಯಾಗಿ ಬಂದ ಕರೆಂಟಿಗಲ್ಲ. ಊರಿನ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಶುರುವಾದರೆ ವೋಲ್ಟೇಜು ಇಳಿಯುತ್ತಿತ್ತು, ಮಶೀನು ಅರ್ಧ ತಗಡಿನಲ್ಲಿ ನಿಲ್ಲುತ್ತಿತ್ತು. ಉಳಿದರ್ಧವನ್ನು ಮೇಸ್ತ್ರಿ ಗ್ಯಾಸ್ ಕಟರಿನಲ್ಲಿ ಮುಗಿಸುತ್ತಿದ್ದರು. ನೋಡಿದವರು ನಯವಾದ ಅರ್ಧ ಮಶೀನಿನದು, ಒರಟಾದದ್ದು ಮೇಸ್ತ್ರಿಯದು ಅಂತ ಹೇಳುತ್ತಿದ್ದರು. ಅದನ್ನು ಮೇಸ್ತ್ರಿಯೂ ಕೇಳಿಸಿಕೊಳ್ಳುತ್ತಿದ್ದರು.

ಮೂರು ಮಿರ್ಚಿ

ಒಂದು ತಿಂಗಳು ಕಂತು ಕಟ್ಟಿ, ಬಿಲ್ಲು ಕಟ್ಟಿ, ಗ್ಯಾಸಿನವರಿಗೆ ಕೊಟ್ಟು ನೋಡಿದರೆ ಮೇಸ್ತ್ರಿಯ ಸಂಬಳಕ್ಕೆ ಉಳಿದಿರಲಿಲ್ಲ. ಮುಂದಿನ ತಿಂಗಳೂ ಅಷ್ಟೇ. ಹೆಂಡತಿ ತನ್ನ ಬಳೆ ಕೊಟ್ಟು ಒಂದು ತಿಂಗಳು ದಾಟಿಸಿದಳು. ಆಮೇಲೆ ಅವಳೇ ಹೇಳಿದಳು, “ಹೇಳಿಬಿಡ್ರಿ. ಹೇಳದೆ ಅವರನ್ನ ಕೂರಿಸೋದು ಇನ್ನೂ ಪಾಪ.”

ವರ್ಕ್‌ಶಾಪಿನಲ್ಲಿ ಹೇಳಲು ಬಾಯಿ ಬರಲಿಲ್ಲ. ಚಹಾ ಕುಡಿಯೋಣ ಬನ್ನಿ ಅಂತ ಬಸ್‌ಸ್ಟ್ಯಾಂಡಿನ ಹತ್ತಿರದ ಹೋಟೆಲಿಗೆ ಕರೆದುಕೊಂಡು ಹೋದೆ. ಮಂಡಕ್ಕಿ ಮಿರ್ಚಿ ಹೇಳಿದೆ. ಮಳೆ ಬಗ್ಗೆ ಮಾತಾಡಿದೆ. ಇನ್ನೊಂದು ಮಿರ್ಚಿ ಹಾಕಿಸಿದೆ. ಅವರ ಮಗಳ ಸಂಸಾರದ ಬಗ್ಗೆ ಕೇಳಿದೆ. ಮೂರನೆಯ ಮಿರ್ಚಿ ತಟ್ಟೆಗೆ ಬಿದ್ದಾಗ ಮೇಸ್ತ್ರಿ ಕೈ ಅಡ್ಡ ಹಿಡಿದರು.

“ತಮ್ಮಾ, ನಿಮ್ಮಪ್ಪ ಸಂಬಳ ವಾರ ತಡ ಆದ್ರೆ ಒಂದು ಮಿರ್ಚಿ ಕೊಡಿಸ್ತಿದ್ದ. ತಿಂಗಳು ತಡ ಆದ್ರೆ ಎರಡು. ನೀನು ಮೂರು ಕೊಡಿಸಿದ್ದಿ ಅಂದ್ರೆ ನಾಳಿಂದ ಬರೋದು ಬ್ಯಾಡ ಅಂತ ಆತು.”

ನಾನು ತಲೆ ತಗ್ಗಿಸಿದೆ. ಅವರು ಮಿರ್ಚಿಯನ್ನು ಪೇಪರಿನಲ್ಲಿ ಸುತ್ತಿ ಜೇಬಿಗಿಟ್ಟುಕೊಂಡರು. “ಮಗಳಿಗೆ ಇರಲಿ. ಕೆಲಸ ಹೋತು ಅಂತ ಹೇಳೋಕೆ ನನಗೂ ಏನಾದ್ರೂ ಬೇಕಲ್ಲ.”

ಆನವಟ್ಟಿಯ ಬಸ್ಸು ಬಂತು, ಹತ್ತಿದರು. ಆ ಹೋಟೆಲಿಗೆ ನಾನು ಮತ್ತೆ ಹೋಗಿಲ್ಲ.

ಸೊಟ್ಟ ಗೆರೆ

ಮೇಸ್ತ್ರಿ ಹೋಗಿ ಒಂದೂವರೆ ವರ್ಷ ಕಳೆಯಿತು. ಪಕ್ಕದ ಊರಿಗೆ ನಮ್ಮದಕ್ಕಿಂತ ದೊಡ್ಡ ಮಶೀನು ಬಂತು. ಅವರು ರೇಟು ಇಳಿಸಿದರು, ನಾನು ಇಳಿಸಿದೆ, ಅವರು ಮತ್ತೆ ಇಳಿಸಿದರು. ಕೊನೆಗೆ ನಾನು ಮಶೀನು ಮಾರಿದೆ. ಬಂದ ದುಡ್ಡು ಬ್ಯಾಂಕಿನ ಬಾಕಿಗೂ ಸಾಲಲಿಲ್ಲ. ಲಾರಿ ಹೋದ ಮಾರನೆಯ ದಿನವೇ ಆನವಟ್ಟಿಗೆ ಹೋಗಿ ಮೇಸ್ತ್ರಿಯ ಬಾಗಿಲಲ್ಲಿ ನಿಂತೆ.

“ಮತ್ತೆ ಬರ್ತೀರಾ?” ಅಂದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಒಳಗೆ ತಿರುಗಿ ಮಗಳಿಗೆ, “ನನ್ನ ಖಾಕಿ ಅಂಗಿ ಎಲ್ಲೈತೆ ನೋಡವ್ವಾ” ಅಂದರು.

ಮರುದಿನ ಮೊದಲನೇ ಬಸ್ಸಿಗೆ ಬಂದರು. ಒಂದು ತಗಡು ಹಾಸಿದೆ. ಅವರೇ ಸೀಮೆಸುಣ್ಣ ತೆಗೆದು ಗೆರೆ ಎಳೆದರು, ಕಟರ್ ಹಚ್ಚಿದರು, ಉಸಿರು ಹಿಡಿದರು. ಬೆಂಕಿ ಗೆರೆಯ ಪಕ್ಕದಲ್ಲೆಲ್ಲೋ ಹೊರಟಿತು. ನಾನು ನೋಡುತ್ತಲೇ ಇದ್ದೆ. ಎರಡು ಬೆರಳಿನಷ್ಟು ದೂರ ಹೋಯಿತು, ಆಮೇಲೆ ಮೂರು ಬೆರಳು.

ಮೇಸ್ತ್ರಿ ಕಟರ್ ಆರಿಸಿ, ತುಂಡನ್ನು ಎತ್ತಿ, ಅಂಚಿನ ಮೇಲೆ ಹೆಬ್ಬೆರಳು ಆಡಿಸಿದರು. ಬೆರಳಿಗೆ ಗೊತ್ತಾಯಿತು. ಮುಖ ಗಂಟಿಕ್ಕಿಕೊಂಡು ಜೋರಾಗಿ ಕೇಳಿದರು: “ಯಾವನೋ ಅವನು ಈ ಗೆರೆ ಎಳದಾಂವ? ಸೊಟ್ಟ ಎಳದಾನ!”

ಯಾವ ಗ್ಯಾಸು?

ಮರುದಿನ ಶಿವಮೊಗ್ಗದ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅವರಿಗೆ ಸಕ್ಕರೆ ಕಾಯಿಲೆ ಇದ್ದದ್ದು ಅಲ್ಲಿಯವರೆಗೆ ಯಾರಿಗೂ ಗೊತ್ತಿರಲಿಲ್ಲ. ಡಾಕ್ಟರಮ್ಮ ಬಹಳ ಹೊತ್ತು ನೋಡಿ, ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. ಎಡಗಣ್ಣು ಆಗಲೇ ಹೋಗಿದೆ. ಬಲಗಣ್ಣಿನಲ್ಲಿ ಈಗ ಇರುವಷ್ಟನ್ನು ಉಳಿಸಬಹುದು, ಹೋದದ್ದು ತಿರುಗಿ ಬರುವುದಿಲ್ಲ. ಒಂದು ವರ್ಷ ಮೊದಲೇ ಬಂದಿದ್ದರೆ ಚೆನ್ನಾಗಿತ್ತು. ಒಂದು ವರ್ಷದ ಹಿಂದೆ ಅವರು ನನ್ನ ಜೊತೆ ದಿನಾ ಇದ್ದಿದ್ದರೆ ನಾನು ಆ ಸೊಟ್ಟ ಗೆರೆಯನ್ನು ಆಗಲೇ ನೋಡುತ್ತಿದ್ದೆ.

ಡಾಕ್ಟರಮ್ಮ ಮೇಸ್ತ್ರಿಯ ಹತ್ತಿರ ಬಂದು, “ಯಜಮಾನ್ರೇ, ನಿಮ್ಮ ಕಣ್ಣಿಗೆ ಲೇಸರ್ ಮಾಡಬೇಕು” ಅಂದರು.

ಮೇಸ್ತ್ರಿ ಕುರ್ಚಿಯಲ್ಲಿ ನೆಟ್ಟಗಾದರು. “ಎಷ್ಟು ಕಿಲೋವ್ಯಾಟು?”

ಡಾಕ್ಟರಮ್ಮ ನನ್ನ ಮುಖ ನೋಡಿದರು.

“ಗ್ಯಾಸು ಯಾವುದು ಕೊಡ್ತೀರಿ? ಆಕ್ಸಿಜನ್ ಕೊಟ್ರೆ ಅಂಚು ಕಪ್ಪಾಗ್ತೈತಿ, ನೈಟ್ರೋಜನ್ ಇದ್ರೆ ಚಲೋ. ಇಲ್ಲಿ ವೋಲ್ಟೇಜ್ ಹೆಂಗೆ? ಅರ್ಧಕ್ಕೆ ನಿಂತ್ರೆ ಉಳದದ್ದು ಯಾರು ಮಾಡೋರು?”

“ನೀವು ಇಂಜಿನಿಯರಾ?” ಅಂದರು ಡಾಕ್ಟರಮ್ಮ.

“ಅಲ್ರವ್ವಾ. ಒಂದು ಸಲ ಲೇಸರ್ ಬಂದು ನನ್ನ ಕೆಲಸ ತಗಂಡು ಹೋತು. ಈಗ ಕಣ್ಣಿಗೆ ಬಂದೈತಿ ಅಂತೀರಿ, ಅದಕ್ಕೆ ಕೇಳಿದೆ.” ಮಾತಿನಲ್ಲಿ ಸಿಟ್ಟಿರಲಿಲ್ಲ. ಪಕ್ಕದಲ್ಲಿ ನಾನಿದ್ದೇನೆ ಅನ್ನುವುದು ಮರೆತಿದ್ದರೋ ಏನೋ. ನಾನು ಗೋಡೆಯ ಮೇಲಿನ ಕಣ್ಣಿನ ಚಿತ್ರವನ್ನೇ ನೋಡುತ್ತಾ ನಿಂತೆ.

ಡಾಕ್ಟರಮ್ಮ ಸ್ಟೂಲು ಎಳೆದುಕೊಂಡು ಅವರೆದುರು ಕೂತರು. “ಇದು ಕತ್ತರಿಸೋದಲ್ಲ ಯಜಮಾನ್ರೇ. ಕಣ್ಣಿನ ಹಿಂದೆ ಒಂದು ಪರದೆ ಇರುತ್ತೆ. ಅದು ಇನ್ನೂ ಹಾಳಾಗದ ಹಾಗೆ ಅಲ್ಲಲ್ಲಿ ಸಣ್ಣಸಣ್ಣ ಚುಕ್ಕಿ ಹಾಕ್ತೀವಿ. ವೆಲ್ಡಿಂಗ್ ಅಂತಿಟ್ಕೊಳ್ಳಿ.”

“ವೆಲ್ಡಿಂಗಾ?” ಬಹಳ ದಿನಗಳ ಮೇಲೆ ಆ ಮುಖದಲ್ಲಿ ನಗು ನೋಡಿದೆ. “ಮತ್ತೆ ಮೊದಲೇ ಹೇಳಬಾರದಾ? ಮಾಡ್ರಿ ಮಾಡ್ರಿ.” ಗದ್ದವನ್ನು ಯಂತ್ರದ ಮೇಲೆ ಇಟ್ಟರು. ನರ್ಸು ದೀಪ ಆರಿಸಿದಳು. ಡಾಕ್ಟರಮ್ಮ ಶುರು ಮಾಡಬೇಕು ಅನ್ನುವಾಗ ಮೇಸ್ತ್ರಿ ತಲೆ ಹಿಂದಕ್ಕೆ ತೆಗೆದು, ಕೆಲಸ ಕಲಿಸುವಾಗ ನನ್ನನ್ನು ಗದರುತ್ತಿದ್ದ ಅದೇ ದನಿಯಲ್ಲಿ ಹೇಳಿದರು:

“ನಿಲ್ರವ್ವಾ, ಮೊದ್ಲು ಕರೀ ಕನ್ನಡಕ ಹಾಕ್ಕೊಳ್ರಿ. ಬರಿಗಣ್ಣಿಗೆ ವೆಲ್ಡಿಂಗ್ ನೋಡಬಾರ್ದು. ಸಣ್ಣ ವಯಸ್ಸು ನಿಮ್ದು, ಕಣ್ಣು ಹೋಗ್ತಾವು.”