ಭಾವನ ವಶದಲ್ಲಿದ್ದ ಜೀಪು

ನಮ್ಮ ಭಾವನ ಮನೆಯಲ್ಲಿ ವಿಲಾಯಿತಿ ಜೀಪಿತ್ತು ಎಂದರೆ ನೀವು ನಂಬುವುದಿಲ್ಲ, ಬಿಡಿ. ಎಪ್ಪತ್ತರ ದಶಕದಲ್ಲಿ ಹೊಳಲ್ಕೆರೆ ಕಡೆ ಜೀಪು ಕಂಡರೆ ಜನ ದಾರಿ ಬಿಟ್ಟು ಕೈಮುಗಿಯುತ್ತಿದ್ದರು. ಒಳಗೆ ಸಾಹೇಬರಿರಲಿ, ಬರೀ ಡ್ರೈವರಿರಲಿ! ಅಂಥ ಕಾಲದಲ್ಲಿ ಚಿಕ್ಕಜಾಜೂರು ಸ್ಟೇಷನ್ನಿನ ಪಾರ್ಸೆಲ್ ಗುಮಾಸ್ತರ ಮನೆಯಲ್ಲಿ ಜೀಪು! ಆದರೆ ಭಾವ ಅದನ್ನು ಒಂದು ದಿನವೂ ಹತ್ತಲಿಲ್ಲ. ಕಾರಣ ಎರಡು. ಒಂದು, ಅದು ಅಂಗೈ ಮೇಲೆ ಕೂರುವಷ್ಟಿತ್ತು. ಎರಡು, ಅದು ಅವರದಲ್ಲ.

ಮೊದಲನೆಯ ಕಾರಣ ಯಾರಿಗಾದರೂ ಅರ್ಥವಾಗುತ್ತದೆ. ಎರಡನೆಯದನ್ನು ಕಟ್ಟಿಕೊಂಡು ಒದ್ದಾಡಿದವರು ನನ್ನ ಅಕ್ಕ ಮತ್ತು ನಾನು. ನಾನಾಗ ಅಕ್ಕನ ಮನೆಯಲ್ಲಿದ್ದು, ದಿನಾ ರೈಲಿನಲ್ಲಿ ಚಿತ್ರದುರ್ಗದ ಕಾಲೇಜಿಗೆ ಹೋಗಿಬರುತ್ತಿದ್ದೆ.

ನಡೆದದ್ದು ಇಷ್ಟು. ಫಸ್ಟ್ ಕ್ಲಾಸಿನ ಪ್ರಯಾಣಿಕರೊಬ್ಬರು ಪ್ಲಾಟ್‌ಫಾರಂ ಬೆಂಚಿನ ಮೇಲೆ ಒಂದು ಸಣ್ಣ ಡಬ್ಬಿ ಮರೆತು ರೈಲು ಹತ್ತಿದರು. ಭಾವ ಡಬ್ಬಿ ಹಿಡಿದು ಓಡಿದರು, ರೈಲು ಅವರಿಗಿಂತ ಜೋರಾಗಿ ಓಡಿತು. ಬಿಚ್ಚಿ ನೋಡಿದರೆ ಎರಕ ಹೊಯ್ದ ಪುಟಾಣಿ ಜೀಪು. ಎಂಥ ಜೀಪು ಅಂತೀರಿ! ಬಾಗಿಲು ತೆಗೆಯುತ್ತದೆ, ಬಾನೆಟ್ ಏಳುತ್ತದೆ, ಒಳಗೆ ಸೋಫಾದಂಥ ಸೀಟುಗಳು! ಸಿರಿವಂತರು ಗುಡ್ಡ ಬೆಟ್ಟ ಹತ್ತಲಿಕ್ಕೆಂದೇ ಮಾಡಿದ ಗಾಡಿಯ ಪಡಿಯಚ್ಚು ಅದೆಂದು ಕಾಲೇಜಿನ ಲೈಬ್ರರಿಯ ಇಂಗ್ಲಿಷ್ ಪತ್ರಿಕೆ ನೋಡಿ ನಾನೇ ಪತ್ತೆ ಮಾಡಿದೆ.

ಭಾವ ನಿಯಮದಂತೆ ಮೇಲಿನವರಿಗೆ ಬರೆದರು. ತಿಂಗಳುಗಟ್ಟಲೆ ಕಾದ ಮೇಲೆ 'ಆಟದ ಸಾಮಾನು, ವಿಲೇವಾರಿ ಮಾಡಿ' ಎಂದು ಉತ್ತರ ಬಂತು. ಬೇರೆಯವರಾಗಿದ್ದರೆ ಮನೆಯ ಷೋಕೇಸಿಗೆ ವಿಲೇವಾರಿ ಮಾಡಿ ಕೈತೊಳೆದುಕೊಳ್ಳುತ್ತಿದ್ದರು. ಭಾವನೂ ಮನೆಗೇ ತಂದರು. ತಂದು, ಅಕ್ಕ ಹೊಸ ಸೀರೆಗೆಂದು ಇಟ್ಟಿದ್ದ ರವಿಕೆ ಕಣವನ್ನು ಅದಕ್ಕೆ ಹೊದಿಸಿ, ಕಪಾಟಿನಲ್ಲಿಟ್ಟು, "ಇದು ನನ್ನ ವಶದಾಗೈತೆ, ಅಷ್ಟೆ. ಯಾರ್ದೋ ಅವ್ರು ಬರ್ತಾರೆ. ಬಂದು ಗುರುತು ಹೇಳಿದ್ರೆ ಕೊಡಾದು," ಎಂದರು.

"ಬರ್ದಿದ್ರೆ?" ಎಂದಳು ಅಕ್ಕ.

"ರೈಲು ಲೇಟಾಗ್ತತೆ. ಬರಾದೇ ಇಲ್ಲ ಅಂತ ಐತೇನು?"

ಜೀಪಿನ ಹೊಟ್ಟೆಯ ಕೆಳಗೆ 1:43 ಎಂದು ಅಚ್ಚೊತ್ತಿತ್ತು. ಹಗಲೂ ಇರುಳೂ ರೈಲಿನ ವೇಳಾಪಟ್ಟಿ ನೋಡುವ ಮನುಷ್ಯ ಅದನ್ನು ಇನ್ನು ಹೇಗೆ ಓದಿಯಾರು? ದಿನಾ ಮಧ್ಯಾಹ್ನ ಒಂದು ಗಂಟೆ ನಲವತ್ತಮೂರು ನಿಮಿಷಕ್ಕೆ ಸರಿಯಾಗಿ ಅರ್ಧ ಊಟ ಬಿಟ್ಟು ಪ್ಲಾಟ್‌ಫಾರಮ್ಮಿಗೆ ಹೋಗಿ ನಿಲ್ಲತೊಡಗಿದರು. ಆ ಹೊತ್ತಿಗೆ ಯಾವ ರೈಲೂ ಇಲ್ಲ! ನನಗೆ ತಡೆಯಲಾಗಲಿಲ್ಲ.

"ಭಾವ, ಅದು ಟೈಮಲ್ಲ, ಅಳತೆ. ನಿಜವಾದ ಜೀಪಿನ ನಲವತ್ಮೂರರಾಗೆ ಒಂದು ಪಾಲು ಇದು."

ಭಾವ ಕಪಾಟಿನಿಂದ ಜೀಪು ತೆಗೆದು ಮಗುಚಿ ನೋಡಿದರು.

"ಹಂಗಾರೆ ಉಳಿದ ನಲವತ್ತೆರಡು ಪಾಲು ಅವ್ರ ತಾವೇ ಐತೆ. ಇದೊಂದಕ್ಕೆ ಬಂದೇ ಬರ್ತಾರೆ ಬಿಡು."

ಇದಕ್ಕೆ ಏನು ಹೇಳುತ್ತೀರಿ? ಬಿ.ಎ. ಓದುತ್ತಿದ್ದ ನಾನು ಎದ್ದು ತಟ್ಟೆ ತೊಳೆಯಲು ಹೋದೆ.

ಆಯುಧಪೂಜೆ ಬಂತು. ವಶದಲ್ಲಿರುವ ಗಾಡಿಗೆ ಪೂಜೆಯಾಗಬೇಡವೇ? ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು ತಂದರು. ಇಟ್ಟು ನೋಡಿದರೆ ಹಣ್ಣಿನ ಹಿಂದೆ ಜೀಪೇ ಕಾಣದು! ಕೊನೆಗೆ ನಾಲ್ಕು ಬಟಾಣಿ ಕಾಳಿನಲ್ಲಿ ಮುಗಿಸಬೇಕಾಯಿತು. ಪುರೋಹಿತರು ಸಂಕಲ್ಪಕ್ಕೆ ಕೂತು, "ಯಾರ ಹೆಸರಲ್ಲಿ ಮಾಡಾಣ? ಗೋತ್ರ ಹೇಳ್ರಿ," ಎಂದರು.

"ಹೆಸರು ಗೊತ್ತಿಲ್ಲ ಸ್ವಾಮಿ," ಎಂದರು ಭಾವ. "ಫಸ್ಟ್ ಕ್ಲಾಸು."

ಪುರೋಹಿತರು ನನ್ನ ಮುಖ ನೋಡಿದರು. ನಾನು ಸೆರಗು ಬಾಯಿಗೆ ತುರುಕಿಕೊಂಡು ಅಡುಗೆಮನೆಗೆ ಓಡಿದೆ.

ಸುದ್ದಿ ಹರಡಿ, ವಾರಸುದಾರರೂ ಹುಟ್ಟಿಕೊಂಡರು. ಹೊಳಲ್ಕೆರೆಯಿಂದ ಒಬ್ಬರು ಇಸ್ತ್ರಿ ಮಾಡಿದ ಜುಬ್ಬಾ ತೊಟ್ಟು ಬಂದು, ಜೀಪು ತಮ್ಮ ಮಾವನದೆಂದೂ, ಮಾವ ತಮ್ಮನ್ನು ಕಳಿಸಿದ್ದಾರೆಂದೂ ಹೇಳಿದರು. ಭಾವ ಅವರಿಗೆ ಕಾಫಿ ಕೊಡಿಸಿ, "ಕುಂತ್ಕಳ್ರಿ. ಗುರುತು ಹೇಳ್ರಿ," ಎಂದರು.

"ಜೀಪು ಕಣ್ರಿ. ನಾಕು ಚಕ್ರ ಅವೆ."

"ಐದು ಅವೆ. ಹಿಂದ್ಗಡೆ ಸ್ಟೆಪ್ನಿ ಐತೆ. ಕಾಫಿ ಕುಡುದು ಹೋಗ್ರಿ."

ಇನ್ನು ನನ್ನ ಅಪರಾಧಕ್ಕೆ ಬರುತ್ತೇನೆ. ಗೆಳತಿಗೆ ತೋರಿಸುವ ಉತ್ಸಾಹದಲ್ಲಿ ಜೀಪಿನ ಬಲಬಾಗಿಲು ತೆಗೆದೆ. ಬಾಗಿಲು ನನ್ನ ಕೈಗೇ ಬಂತು! ಭಾವ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮುಖ ಸಣ್ಣದು ಮಾಡಿಕೊಂಡು, "ಅವ್ರು ಬಂದ್ರೆ ಏನಂತ ಹೇಳ್ಲವ್ವ?" ಎಂದವರೇ ಕಾರ್ಡು ತಗೊಂಡು ದುರ್ಗದ ಮೆಕ್ಯಾನಿಕ್ ಸಾಹೇಬರೊಬ್ಬರಿಗೆ ಬರೆದರು: 'ಪರಸ್ಥಳದವರ ವಿಲಾಯಿತಿ ಜೀಪಿನ ಬಲಬಾಗಿಲು ಕಳಚಿದೆ. ಗಾಡಿ ಅಲ್ಲಿಗೆ ತರುವಂತಿಲ್ಲ. ದಯಮಾಡಿ ತಾವೇ ಬರುವುದು.'

ಮೂರನೇ ದಿನ ಸಾಹೇಬರು ರೈಲಿನಿಂದಿಳಿದರು. ಜೊತೆಗೆ ವೆಲ್ಡಿಂಗ್ ಸಾಮಾನು, ಎರಡು ಜಾಕು, ಒಂದು ಅಗಲವಾದ ತಗಡು! ಎಲ್ಲವನ್ನೂ ಎತ್ತಿನ ಗಾಡಿಗೆ ಹೇರಿಕೊಂಡು ನಮ್ಮ ಮನೆ ಮುಂದೆ ಬಂದು, "ಗಾಡಿ ಎಲ್ಲೈತೆ ಸ್ವಾಮಿ?" ಎಂದರು. ಭಾವ ಅಂಗೈ ಚಾಚಿದರು.

ನಾನು ಬಾಗಿಲ ಸಂದಿಯಲ್ಲಿ ನಿಂತು ನೋಡುತ್ತಿದ್ದೆ. ಈಗ ಆಯಿತು, ಭಾವನಿಗೆ ಮಂಗಳಾರತಿ! ಸಾಹೇಬರು ಜೀಪನ್ನು ನೋಡಿದರು, ಭಾವನನ್ನು ನೋಡಿದರು, ಗಾಡಿ ತುಂಬ ಇದ್ದ ಸಾಮಾನು ನೋಡಿದರು.

"ಜಾಕು ಹಾಕ್ಬೇಕೋ, ಹಂಗೇ ಮಾಡ್ಲೋ?" ಎಂದು ಕೇಳಿ, ಜಗಲಿ ಮೇಲೆ ಕೂತೇಬಿಟ್ಟರು. ನನ್ನ ತಲೆಯ ಹೇರ್‌ಪಿನ್ನು ಇಸಕೊಂಡು, ತುಂಡರಿಸಿ, ಕೀಲು ಮಾಡಿ, ಎರಡು ತಾಸು ಕಣ್ಣು ಕಿರಿದು ಮಾಡಿಕೊಂಡು ಬಾಗಿಲು ಕೂರಿಸಿದರು. ಜಗಲಿಯುದ್ದಕ್ಕೂ ಒಮ್ಮೆ ಓಡಿಸಿ ನೋಡಿ, "ಎಂಜಿನ್ ಗಟ್ಟಿ ಐತೆ. ಸಾವಿರ ಮೈಲಿ ಆದ್ಮೇಲೆ ಒಂದ್ಸಲ ತೋರಿಸ್ರಿ," ಎಂದು ಹೇಳಿ ಹೊರಟರು. ಲೋಕದಲ್ಲಿ ಭಾವ ಒಬ್ಬರೇ ಇಲ್ಲ ಎಂದು ನನಗೆ ಆವತ್ತು ಗೊತ್ತಾಯಿತು.

ನಗುವುದಕ್ಕಾಗದ ಸಂಗತಿ ಒಂದಿದೆ. ಭಾವನಿಗೆ ಬಡ್ತಿ ಬಂತು, ದೊಡ್ಡ ಊರಿಗೆ ವರ್ಗದೊಂದಿಗೆ. ಅಕ್ಕ ಪಾತ್ರೆ ಕಟ್ಟತೊಡಗಿದಳು. ಭಾವ ಬೇಡವೆಂದು ಬರೆದುಕೊಟ್ಟು ಬಂದರು!

"ಅವ್ರು ಇಲ್ಲಿ ಬಂದು ಕೇಳಿದ್ರೆ ಹೇಳೋರು ಯಾರೇ?"

ಅಕ್ಕ ಒಂದು ವಾರ ಮಾತು ಬಿಟ್ಟಳು. ನಾನೂ ಅಕ್ಕನ ಕಡೆಗೇ ಇದ್ದೆ. ಯಾವನೋ ಗುರುತಿಲ್ಲದವನಿಗೋಸ್ಕರ ಮನೆಯವರನ್ನು ಹೀಗೆ ಕಾಡಿಸಬಹುದೇ? ನನಗೆ ನಿಜವಾಗಿ ಸಿಟ್ಟು ಬಂದಿತ್ತು.

ನನ್ನ ಕೊನೆಯ ವರ್ಷದಲ್ಲಿ ಒಂದು ಬೆಳಿಗ್ಗೆ ಕಾಲೇಜಿಗೆಂದು ಪ್ಲಾಟ್‌ಫಾರಂ ಮೇಲೆ ನಿಂತಿದ್ದೆ. ಬೀರೂರು ಕಡೆಯ ಗಾಡಿಯಿಂದ ವಯಸ್ಸಾದ ದಂಪತಿ ಇಳಿದರು, ದುರ್ಗದ ರೈಲಿಗೆ ಬದಲಾಯಿಸಲು. ಆಕೆ ಆತನನ್ನು ಕೈಹಿಡಿದು ನಡೆಸಿಕೊಂಡು ಬಂದು ಬೆಂಚಿನ ಮೇಲೆ ಕೂರಿಸಿದರು. ಪಾರ್ಸೆಲ್ ಎಣಿಸುತ್ತಿದ್ದ ಭಾವ ತಟಕ್ಕನೆ ಎದ್ದರು.

"ಲೇ ಹುಡುಗಿ, ಮನಿಗೆ ಓಡು. ಜೀಪು ತಾ. ಓಡು."

ನಾನು ಓಡಿದೆ. ಪುಸ್ತಕ ಎಲ್ಲಿ ಎಸೆದೆನೋ, ಚಪ್ಪಲಿ ಎಲ್ಲಿ ಬಿಟ್ಟೆನೋ! ವಾಪಸು ಬರುವ ಹೊತ್ತಿಗೆ ಆಕೆ ಭಾವನಿಗೆ ಹೇಳುತ್ತಿದ್ದರು:

"ಹೌದು, ಇವರು ಒಂದು ಜೀಪು ಕಳೆದುಕೊಂಡಿದ್ದರು. ಎಲ್ಲಿ ಅಂತ ಗೊತ್ತಿರಲಿಲ್ಲ. ಈಗ ಇವರಿಗೆ ಏನೂ ನೆನಪಿಲ್ಲಪ್ಪ. ಒಂದೊಂದು ದಿನ ನಾನು ಯಾರು ಅಂತಲೂ ತಿಳಿಯಲ್ಲ."

ಭಾವ ಆತನ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಜೀಪಿಗೆ ಸುತ್ತಿದ್ದ ರವಿಕೆ ಕಣ ಬಿಚ್ಚದೆಯೇ, ಬಲು ಮೆತ್ತಗೆ ಕೇಳಿದರು:

"ಸಾರ್, ಗುರುತು ಹೇಳ್ರಿ."

ಆತ ನಕ್ಕರು, ಅಷ್ಟೆ. ಭಾವ ಇನ್ನೊಮ್ಮೆ ಕೇಳಿದರು. ಆತ ಇನ್ನೊಮ್ಮೆ ನಕ್ಕರು. ಇಷ್ಟು ವರ್ಷ ಕಾದಿದ್ದು ಇದಕ್ಕೇನಾ?

ಭಾವ ಕಣ ಬಿಚ್ಚಿ ಜೀಪನ್ನು ಆತನ ಅಂಗೈಯಲ್ಲಿಟ್ಟು, ಬೆರಳು ಮಡಿಸಿದರು.

"ಅವ್ರಿಗೆ ಇದರ ಗುರುತು ಸಿಗದಿದ್ರೆ ಇರ್ಲಿ ತಾಯಿ. ನಂಗೆ ಅವ್ರ ಗುರುತು ಐತೆ."

ಆಮೇಲೆ ಹೇಳಿದರು, ನಮಗ್ಯಾರಿಗೂ ಎಂದೂ ಹೇಳದಿದ್ದುದನ್ನು. ಆವತ್ತು ಆತ ಬಿಳಿ ಅಂಗಿ ತೊಟ್ಟಿದ್ದರು. ತಮ್ಮ ಇಡ್ಲಿಯಲ್ಲಿ ಅರ್ಧ ನಾಯಿಗೆ ಹಾಕಿದರು. ಡಬ್ಬಿ ಬಿಚ್ಚಿ ಜೀಪನ್ನು ನೋಡಿ ತಮ್ಮಷ್ಟಕ್ಕೆ ತಾವೇ ನಗುತ್ತಿದ್ದರು. ಅಷ್ಟರಲ್ಲಿ ಬಸುರಿ ಹೆಂಗಸೊಬ್ಬಳು ಬಂದಳು. ಆತ ಥಟ್ಟನೆ ಎದ್ದು ಜಾಗ ಬಿಟ್ಟು, ಆಕೆಯ ಗಂಟನ್ನೂ ತಾವೇ ಹೊತ್ತು ರೈಲಿಗೇರಿಸಿದರು. ಡಬ್ಬಿ ಮರೆತದ್ದು ಆಗ.

"ಅಂಥೋರ ಸಾಮಾನು ಹೆಂಗ್ ತಾಯಿ ಬಿಸಾಕ್ಲಿ?"

ಆಕೆ ಗಂಡನ ಮುಖ ನೋಡಿದರು. ಕಣ್ಣು ಒರೆಸಿಕೊಂಡು, "ಇನ್ನೊಂದು ಸಲ ಹೇಳಪ್ಪ. ಇವರು ಏನೇನು ಮಾಡಿದರು, ಮೊದಲಿಂದ ಹೇಳು," ಎಂದರು.

ಭಾವ ಮೊದಲಿನಿಂದ ಹೇಳಿದರು. ದುರ್ಗದ ರೈಲು ಬಂತು. ಅವರನ್ನು ಕೈಹಿಡಿದು ಹತ್ತಿಸಿ, ಕಿಟಕಿಯ ಹೊರಗೆ ನಿಂತು ಮತ್ತೆ ಹೇಳಿದರು. ರೈಲು ಕದಲಿದರೂ ಬಿಡದೆ, ಕಿಟಕಿಯ ಪಕ್ಕದಲ್ಲೇ ನಡೆಯುತ್ತ, ಆಮೇಲೆ ಓಡುತ್ತ, ಹೇಳುತ್ತಲೇ ಇದ್ದರು. ನಾನು ಕಾಲೇಜಿಗೆ ಹತ್ತಬೇಕಾಗಿದ್ದ ರೈಲೂ ಅದೇ. ಹತ್ತಬೇಕೆಂಬುದು ನನಗೆ ನೆನಪೇ ಆಗಲಿಲ್ಲ.